ಪೆನ್ನು ಚೀಲದಲ್ಲೇ ಇರಲಿ

ಆರೋಗ್ಯ ಅಧ್ಯಯನಕ್ಕೆ ಸೇರುವವರ ಒಪ್ಪಿಗೆ ಪತ್ರ ಅವರ ಮನೆಯಲ್ಲೇ ಬಿಟ್ಟು ಬರ್ತೇನೆ, ಸಹಿಗೆ ಮೂರು ದಿನ ಬಿಟ್ಟು ಹೋಗ್ತೇನೆ ಅಂದಾಗ ತಂಡದಲ್ಲಿ ನಕ್ಕವರೇ ಜಾಸ್ತಿ. "ಎರಡೆರಡು ಸಲ ಗುಡ್ಡೆ ಹತ್ತುವ ರಿಕ್ಷಾ ಬಾಡಿಗೆ ಯಾರು ಕೊಡ್ತಾರೆ ಮಾರಾಯ್ರೇ?" ನಮ್ಮದು ಸಣ್ಣ ಅಧ್ಯಯನ. ಬಿಪಿ, ಬೆರಳಿಂದ ಒಂದು ಹನಿ ರಕ್ತ, ಒಂದಿಷ್ಟು ಪ್ರಶ್ನೆ. ಮದ್ದಿಲ್ಲ, ಮಾತ್ರೆಯಿಲ್ಲ.

ಮೊದಲ ತಿಂಗಳು ಕಾಸರಗೋಡಿನ ಎಣ್ಮಕಜೆ ಕಡೆ ಸುಮಾರು 30 ಮನೆ ಸುತ್ತಿದೆ. ಸಹಿ ಸಿಕ್ಕಿದ್ದು 11ವೋ 12ವೋ. ಪತ್ರ ಆರು ಪುಟ, ಇಂಗ್ಲಿಷಿನಿಂದ ಮಲಯಾಳಕ್ಕೆ ಹೋಗಿ ಕನ್ನಡಕ್ಕೆ ಬಂದದ್ದು. ಸಮಯ ಉಳಿಸಲು ಒಬ್ಬ ಅಜ್ಜಿಗೆ ಮೊದಲೇ ಬಿಪಿ ಪಟ್ಟಿ ಸುತ್ತಿ ಓದತೊಡಗಿದೆ. ಮಾಡಬಾರದಿತ್ತು. 'ಸಂಭಾವ್ಯ ಅಪಾಯಗಳು' ಅಂದದ್ದೇ ತಡ, ಅಜ್ಜಿ ಪಟ್ಟಿ ಸಮೇತ ಎದ್ದು ಒಳಗೆ ಹೋದರು!

ರಕ್ತಕ್ಕೆ ಯಾರೂ ಹೆದರಲ್ಲ, ಹೆದರುವುದು ಕಾಗದಕ್ಕೆ. "ರಕ್ತ ಬೇಕಾದ್ರೆ ತೆಗಿ, ಸೈನು ಎಂತಕ್ಕೆ?" ಹೆಬ್ಬೆಟ್ಟು ಒತ್ತಿ ಜಾಗ ಕಳೆದುಕೊಂಡ ಕಥೆ ಎಲ್ಲರ ಮನೆಯಲ್ಲೂ ಉಂಟು. ಮೇಲಿಂದ ಇದು 2000ದವರೆಗೂ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. ಆಮೇಲೆ ಬಂದ ತಂಡಗಳಿಗೆ ಲೆಕ್ಕವಿಲ್ಲ. "ಆಗ ತೆಗೆದ ರಕ್ತದ ರಿಪೋರ್ಟು ಎಲ್ಲಿ?" ಅಂದರೆ ನಾನೆಂತ ಹೇಳಲಿ?

ಪತ್ರವನ್ನು ಒಂದೂವರೆ ಪುಟಕ್ಕೆ ಇಳಿಸಿದೆ. ಇಂಥ ಅಧ್ಯಯನ ಸರಿಯಾಗಿ ನಡೀತದಾ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಲು ಎರಡು ತಿಂಗಳು. ಮೊದಲ ಭೇಟಿಯಲ್ಲಿ ಪೆನ್ನು ಹೊರಗೆ ತೆಗೆಯುವುದೇ ಇಲ್ಲ. ತುಳುವಲ್ಲೋ ಕನ್ನಡದಲ್ಲೋ ಓದಿ ಹೇಳಿ, ಪತ್ರ ಚಾವಡಿಯಲ್ಲಿಟ್ಟು ಬರುವುದು. ನಾನು ಮತ್ತೆ ಹೋಗುವಷ್ಟರಲ್ಲಿ ಅದರ ಫೋಟೋ ದುಬೈಯಲ್ಲಿರುವ ಮಗನಿಗೆ ತಲುಪಿ, ಅವನ ಉತ್ತರವೂ ಬಂದಿರುತ್ತದೆ. ಓದಲು ಬಾರದವರಿಗೆ ಸಾಕ್ಷಿ ಬೇಕಲ್ವಾ? ಮೊದಲು ನಮ್ಮ ರಿಕ್ಷಾದವನನ್ನೇ ನಿಲ್ಲಿಸಿದ್ದೆ. ಅಧ್ಯಯನಕ್ಕೆ ಸಂಬಂಧವಿಲ್ಲದವರೇ ಆಗಬೇಕು ಅಂತ ಕಮಿಟಿಯವರು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ನಿಯಮ ತೋರಿಸಿ ಬೈದರು. ಆ ನಾಲ್ಕು ಫಾರಂ ದಂಡ. ಈಗ ನೆರೆಮನೆಯವರು.

ನಡುವೆ ಸಹಿಯ ಜೊತೆ ಧ್ವನಿಯನ್ನೂ ರೆಕಾರ್ಡ್ ಮಾಡಿ ನೋಡಿದೆ. ಒಬ್ಬರು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದ, ಅರ್ಥಧಾರಿ. "ಒಪ್ಪಿದ್ದೇನೆ" ಅನ್ನಲು ಹತ್ತು ನಿಮಿಷ ತೆಗೆದುಕೊಂಡರು. ಅಲ್ಲಿಗೇ ಬಿಟ್ಟೆ.

ಕೈಯಿಂದ ಏಳು ಸಾವಿರದಷ್ಟು ಹೋಯಿತು, ಹೆಚ್ಚಿನದು ರಿಕ್ಷಾಕ್ಕೆ. ಆದರೆ ಎರಡನೇ ಸುತ್ತಿನ 40 ಮನೆಯಲ್ಲಿ 35 ಸಹಿ. ನಕ್ಕವರೇ ಈಗ ಫೋನ್ ಮಾಡಿ ಕೇಳ್ತಾರೆ. ಎಲ್ಲ ಹೇಳ್ತೇನೆ, ಊರಲ್ಲಿ ಮೊದಲು ಯಾವ ಮನೆಗೆ ಹೋಗಬೇಕು ಅನ್ನುವುದೊಂದು ಬಿಟ್ಟು.

ಬೇಡ ಅಂದ ಐವರಲ್ಲಿ ಒಬ್ಬರು ಚಾ ಕೊಟ್ಟೇ ಕಳಿಸಿದರು. ಪತ್ರ ಮಾತ್ರ ವಾಪಸ್ ಕೊಡಲಿಲ್ಲ. ಅದರ ಬೆನ್ನಿಗೆ ಹಾಲಿನ ಲೆಕ್ಕ ಬರೆದಾಗಿತ್ತು.