ಮಾಯಾಶಾಲೆ ಕಟ್ಟಲು ಕೂತಾಗ ಮೊದಲು ಬರೆದದ್ದು ಟೈಮ್‌ಟೇಬಲ್

ಮಕ್ಕಳಿಗೆ ಒಂದು ಮಾಯಾಶಾಲೆಯ ಕಾದಂಬರಿ ಬರೆಯಬೇಕು ಅಂತ ಹೊರಟಾಗ ದಾರಿಗೆ ಅಡ್ಡ ನಿಂತಿದ್ದು ಜೆ. ಕೆ. ರೌಲಿಂಗ್ ಬರೆದ ಹ್ಯಾರಿ ಪಾಟರ್. ಮಂತ್ರ ಕಲಿಸುವ ಶಾಲೆ ಅಂದರೆ ಸಾಕು, ಓದುವವರ ತಲೆಯಲ್ಲಿ ಕೋಟೆ, ಗೂಬೆ, ರೈಲು, ನಾಲ್ಕು ಹೌಸ್‌ಗಳು ತಯಾರಾಗಿ ನಿಂತಿರುತ್ತವೆ. ಏನೇ ಬರೆದರೂ ‘ಅದೇ ಥರ ಇದೆಯಲ್ಲ’ ಅನ್ನೋದು ಗ್ಯಾರಂಟಿ. ಅದಕ್ಕೆ ನಾನು ಉಲ್ಟಾ ದಾರಿ ಹಿಡಿದೆ. ಆ ಪುಸ್ತಕದಿಂದ ತಪ್ಪಿಸಿಕೊಂಡು ಓಡಲಿಲ್ಲ. ಅದಕ್ಕಿಂತ ಮೊದಲು ಇಂಥ ಶಾಲೆ ಕಟ್ಟಿದವರು ಯಾರು ಯಾರು ಅಂತ ಹುಡುಕಿಕೊಂಡು, ಮೊದಲ ಭಾಗ ಬಂದ 1997ರಿಂದ ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದೆ.

ಹೀಗೆ ಹಿಂದಕ್ಕೆ ಓದಿದರೆ ಯಾವುದು ಒಬ್ಬರ ಸ್ವಂತದ್ದು, ಯಾವುದು ಎಲ್ಲರೂ ಬಳಸುವ ಸಾಮಾನು ಅನ್ನುವುದು ತಾನಾಗಿ ತಿಳಿಯುತ್ತದೆ. 1994ರಲ್ಲಿ ಈವಾ ಇಬ್ಬಟ್‌ಸನ್ ಬರೆದ ‘ದಿ ಸೀಕ್ರೆಟ್ ಆಫ್ ಪ್ಲಾಟ್‌ಫಾರ್ಮ್ 13’ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲೇ ಬೇರೊಂದು ಲೋಕಕ್ಕೆ ಬಾಗಿಲಿದೆ. 1991ರಲ್ಲಿ ಜೇನ್ ಯೋಲೆನ್ ಬರೆದ ‘ವಿಝರ್ಡ್ಸ್ ಹಾಲ್’ನಲ್ಲಿ ತನ್ನ ಕೈಲಿ ಏನೂ ಆಗದು ಅಂದುಕೊಂಡ ಹುಡುಗನೊಬ್ಬ ಮಾಂತ್ರಿಕರ ಶಾಲೆಗೆ ಸೇರುತ್ತಾನೆ. 1974ರಲ್ಲಿ ಜಿಲ್ ಮರ್ಫಿ ಬರೆದ ‘ದಿ ವರ್ಸ್ಟ್ ವಿಚ್’ ಅಂತೂ ಪೂರ್ತಿ ಮಾಟಗಾತಿಯರ ಹಾಸ್ಟೆಲ್ ಶಾಲೆ. ಬೆಟ್ಟದ ತುದಿಯ ಕಟ್ಟಡ, ಮದ್ದು ಅರೆಯುವ ತರಗತಿ, ನೋಡಿದರೆ ನಡುಗುವಂಥ ಟೀಚರ್, ಜಂಬದ ಸಹಪಾಠಿ, ಎಲ್ಲ ಅಲ್ಲೇ ಇದೆ.

ಮರ್ಫಿಯ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೆ ಕೆಲಸ ಕಲಿಸಿದ್ದು ಅದು. ಮರ್ಫಿ ಅದನ್ನು ಬರೆಯಲು ಶುರುಮಾಡಿದ್ದು ಇನ್ನೂ ಶಾಲೆಯಲ್ಲಿದ್ದಾಗ. ತಾನು ಓದುತ್ತಿದ್ದ ಕಾನ್ವೆಂಟನ್ನೇ ಎತ್ತಿಕೊಂಡು ಅದಕ್ಕೆ ಪೊರಕೆ, ಬೆಕ್ಕು ಸೇರಿಸಿದಳು. ಕತೆಯಲ್ಲಿ ಎಲ್ಲ ಹುಡುಗಿಯರಿಗೂ ಕಪ್ಪು ಬೆಕ್ಕಿನಮರಿ ಕೊಡುತ್ತಾರೆ. ಕತೆಯ ನಾಯಕಿ ಮಿಲ್ಡ್ರೆಡ್ ಸರದಿ ಬರುವಾಗ ಕಪ್ಪು ಮರಿಗಳು ಮುಗಿದಿರುತ್ತವೆ, ಅವಳಿಗೆ ಸಿಗುವುದು ಪಟ್ಟೆಪಟ್ಟೆ ಮರಿ. ಇಲ್ಲಿ ಮಂತ್ರ ಎಲ್ಲಿದೆ? ಎಲ್ಲರಿಗೂ ಒಂದು, ನನಗೆ ಮಾತ್ರ ಬೇರೆ ಅನ್ನುವ ಸಂಕಟ ಅಷ್ಟೇ. ಆದರೆ ಎಂಟು ವರ್ಷದ ಓದುಗನಿಗೆ ಆ ಒಂದು ಪುಟ ಸಾಕು, ಅವನು ಮಿಲ್ಡ್ರೆಡ್ ಪಕ್ಷ ಸೇರಿಬಿಡುತ್ತಾನೆ.

ಇನ್ನೂ ಹಿಂದೆ ಹೋದರೆ ಮಂತ್ರ ಮಾಯವಾಗುತ್ತದೆ, ಶಾಲೆ ಮಾತ್ರ ಉಳಿಯುತ್ತದೆ. ಎನಿಡ್ ಬ್ಲೈಟನ್ ‘ಮ್ಯಾಲರಿ ಟವರ್ಸ್’ ಸರಣಿಯ ಆರು ಪುಸ್ತಕ ಬರೆದದ್ದು 1946ರಿಂದ 1951ರ ನಡುವೆ. ಕತೆಯ ಹುಡುಗಿ ಪುಸ್ತಕದಿಂದ ಪುಸ್ತಕಕ್ಕೆ ಮೇಲಿನ ತರಗತಿಗೆ ಹೋಗುತ್ತಾಳೆ. ಓದುಗರ ಜೊತೆ ಪಾತ್ರವೂ ಬೆಳೆಯುವ ಉಪಾಯ ಅಲ್ಲೇ ಇತ್ತು, ಮಂತ್ರದಂಡ ಇರಲಿಲ್ಲ. 1857ರಲ್ಲಿ ಥಾಮಸ್ ಹ್ಯೂಸ್ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಇಂಥ ಕತೆಗಳಿಗೆಲ್ಲ ಅಜ್ಜ. ಹ್ಯೂಸ್ ತಾನು ಓದಿದ ರಗ್ಬಿ ಶಾಲೆಯನ್ನೇ ಬರೆದ. ಮನೆಯಿಂದ ದೂರ ಬಂದ ಹೊಸ ಹುಡುಗ, ಮೊದಲ ದಿನವೇ ಆಟದ ಮ್ಯಾಚು, ಚಿಕ್ಕವರನ್ನು ಬೆಂಕಿಯ ಮುಂದೆ ಹಿಡಿದು ಹಿಂಸೆ ಕೊಡುವ ಫ್ಲ್ಯಾಶ್‌ಮನ್, ಎಲ್ಲರೂ ಗೌರವಿಸುವ ಹೆಡ್‌ಮಾಸ್ಟರ್ ಡಾಕ್ಟರ್ ಅರ್ನಾಲ್ಡ್. ಈ ಪಟ್ಟಿಗೆ ಒಂದು ಗೂಬೆ ಸೇರಿಸಿ ನೋಡಿ, ಗುರುತು ಸಿಕ್ಕೇ ಸಿಗುತ್ತದೆ.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಅದಕ್ಕಿಂತ ನೂರು ವರ್ಷ ಹಿಂದಿನ ಪುಸ್ತಕ. 1749ರಲ್ಲಿ ಸಾರಾ ಫೀಲ್ಡಿಂಗ್ ಬರೆದ ‘ದಿ ಗವರ್ನೆಸ್’. ಮಕ್ಕಳಿಗೆ ಅಂತಲೇ ಬರೆದ ಮೊದಲ ಇಂಗ್ಲಿಷ್ ಕಾದಂಬರಿಗಳಲ್ಲಿ ಅದೂ ಒಂದು, ಅದು ನಡೆಯುವುದು ಹುಡುಗಿಯರ ಒಂದು ಚಿಕ್ಕ ಶಾಲೆಯಲ್ಲಿ. ಹುಡುಗಿಯರು ಕೂತು ರಾಕ್ಷಸರ ಕತೆ, ಯಕ್ಷಿಯರ ಕತೆ ಓದುತ್ತಾರೆ. ಟೀಚರಮ್ಮ ಬಂದು, ಈ ರಾಕ್ಷಸ, ಮಾಯೆ ಎಲ್ಲ ಬರೀ ಮನರಂಜನೆಗೆ ಇರುವುದು, ಅದರಲ್ಲೇ ಮುಳುಗಬೇಡಿ ಅಂತ ಎಚ್ಚರಿಸುತ್ತಾರೆ. ಅಂದರೆ ಶಾಲೆಯ ಕಾದಂಬರಿ ಕಣ್ಣುಬಿಟ್ಟಾಗಲೇ ಮಾಯೆಯೂ ಒಳಗೆ ಇತ್ತು, ಅದರ ಜೊತೆ ಬೇಡ ಅನ್ನುವ ದೊಡ್ಡವರೂ ಇದ್ದರು!

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಮಾಯಾಶಾಲೆಯ ಕತೆಯ ಭಾರ ಹೊರುವುದು ಶಾಲೆ. ಹಾಗಾಗಿ ಮಂತ್ರ ಯೋಚಿಸುವ ಮೊದಲು ಟೈಮ್‌ಟೇಬಲ್ ಬರೆದೆ. ಬೆಳಿಗ್ಗೆ ಎದ್ದೇಳಿಸುವುದು ಯಾರು, ಯಾವ ತರಗತಿ ಆದ ಮೇಲೆ ಯಾವುದು, ಎರಡು ಪಾಠದ ನಡುವೆ ಎಷ್ಟು ದೂರ ಓಡಬೇಕು, ತಡವಾದರೆ ಏನು ಶಿಕ್ಷೆ, ವಾರದಲ್ಲಿ ಯಾವ ದಿನ ಎಲ್ಲರೂ ದ್ವೇಷಿಸುತ್ತಾರೆ. ಆಮೇಲೆ ಕಟ್ಟಡದ ನಕ್ಷೆ. ಎಲ್ಲಿ ಮಕ್ಕಳು ಹೋಗಬಾರದು ಅಂತ ಅದರಲ್ಲಿ ಕೆಂಪು ಗೆರೆ ಎಳೆದೆ. ಹೋಗಬಾರದು ಅಂದ ಜಾಗಕ್ಕೆ ಹೋಗದ ಮಗುವಿನ ಕತೆಯನ್ನು ಯಾರೂ ಓದುವುದಿಲ್ಲ, ಅಲ್ವಾ?

ಇದಾದ ಮೇಲೆ ಮಂತ್ರಕ್ಕೆ ಬಂದೆ. ಇಲ್ಲಿ ನನಗೆ ದಾರಿ ತೋರಿಸಿದ್ದು ಅರ್ಸುಲಾ ಕೆ. ಲೆ ಗ್ವಿನ್. ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಬಂದದ್ದು 1968ರಲ್ಲಿ. ಕತೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರು. ಇವರೂ ಒಂದು ಕಾಲಕ್ಕೆ ಹುಡುಗರಾಗಿದ್ದರಲ್ಲ, ಆಗ ಎಲ್ಲಿ ಕಲಿತರು ಅನ್ನುವ ಪ್ರಶ್ನೆಯಿಂದ ಆ ಪುಸ್ತಕ ಹುಟ್ಟಿತು. ಉತ್ತರ: ರೋಕ್ ಎಂಬ ದ್ವೀಪದ ಶಾಲೆ. ಅಲ್ಲಿಗೆ ಬರುವ ಗೆಡ್ ಎಂಬ ಹುಡುಗ ಜಂಬಕ್ಕೆ ಬಿದ್ದು, ಸಹಪಾಠಿಯ ಜೊತೆ ಪಂತ ಕಟ್ಟಿ, ಮಾಡಬಾರದ ಮಂತ್ರ ಮಾಡುತ್ತಾನೆ. ಅದರಿಂದ ಎದ್ದ ನೆರಳು ಅವನನ್ನು ಕಡಲುಗಳಾಚೆ ಅಟ್ಟಿಸಿಕೊಂಡು ಬರುತ್ತದೆ. ತಮಾಷೆ ಅಂದರೆ, ಇಷ್ಟು ಪ್ರಭಾವ ಬೀರಿದ ಆ ಶಾಲೆಯಲ್ಲಿ ಗೆಡ್ ಪಾಠ ಕಲಿಯುವುದು ಹತ್ತು ಅಧ್ಯಾಯಗಳ ಪುಸ್ತಕದಲ್ಲಿ ಮುಖ್ಯವಾಗಿ ಎರಡೇ ಅಧ್ಯಾಯ.

ಆ ಎರಡರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಾಗಿಲು ಕಾಯುವ ಗುರು. ಒಳಗೆ ಬರುವಾಗ ನಿನ್ನ ನಿಜವಾದ ಹೆಸರು ಅವನಿಗೆ ಹೇಳಬೇಕು. ಓದು ಮುಗಿಸಿ ಹೊರಗೆ ಹೋಗುವಾಗ ಅವನ ಹೆಸರನ್ನು ನೀನು ಕಂಡುಹಿಡಿಯಬೇಕು. ಗೆಡ್ ಏನೇನೋ ಉಪಾಯ ಯೋಚಿಸಿ, ಯಾವುದೂ ನಡೆಯದು ಅಂತ ಗೊತ್ತಾಗಿ, ಕೊನೆಗೆ ನೇರವಾಗಿ ಕೇಳಿಬಿಡುತ್ತಾನೆ. ಅವನು ಹೇಳುತ್ತಾನೆ. ಅದೇ ಪರೀಕ್ಷೆ! ಪಾಸು-ಫೇಲಿನ ಯಾವ ದೃಶ್ಯ ಬರೆಯುವಾಗಲೂ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಲೆ ಗ್ವಿನ್ ಲೋಕದಲ್ಲಿ ಪ್ರತಿ ಮಂತ್ರವೂ ಜಗತ್ತಿನ ಸಮತೋಲವನ್ನು ಸ್ವಲ್ಪ ಅಲುಗಿಸುತ್ತದೆ. ಆ ವಿಚಾರವನ್ನು ನಾನು ಎತ್ತಿಕೊಂಡೆ, ಆದರೆ ತೀರಾ ಚಿಕ್ಕದು ಮಾಡಿಕೊಂಡೆ. ನನ್ನ ಶಾಲೆಯಲ್ಲಿ ನೀವು ಮಂತ್ರದಿಂದ ಒಂದು ದೀಪ ಹೊತ್ತಿಸಿದರೆ ಅದೇ ಕಟ್ಟಡದಲ್ಲಿ ಇನ್ನೆಲ್ಲೋ ಒಂದು ದೀಪ ಆರುತ್ತದೆ. ನೀರು ಬಿಸಿ ಮಾಡಿದರೆ ಇನ್ಯಾರದೋ ನೀರು ತಣ್ಣಗಾಗುತ್ತದೆ. ಮೊದಲ ವರ್ಷದ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ನನ್ನ ಕತೆಯ ಹುಡುಗಿಗೂ ಗೊತ್ತಿಲ್ಲ, ದಿನಾ ರಾತ್ರಿ ಮಂತ್ರದಿಂದ ದೀಪ ಹೊತ್ತಿಸಿಕೊಂಡು ಓದುತ್ತಾಳೆ.

ಬರೆದಷ್ಟನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ದೊಡ್ಡವರು ಚೆನ್ನಾಗಿದೆ ಅಂತ ಹೇಳಿ ಮುಗಿಸುತ್ತಾರೆ, ಮಕ್ಕಳು ಕಿಟಕಿ ಕಡೆ ನೋಡಲು ಶುರುಮಾಡುತ್ತಾರೆ. ಅವರ ಕಣ್ಣು ಎಲ್ಲಿ ಆಚೆ ಹೋಯಿತೋ ಆ ಪ್ಯಾರಾಕ್ಕೆ ಪೆನ್ಸಿಲ್ ಗುರುತು ಹಾಕುತ್ತೇನೆ. ದೀಪದ ಭಾಗ ಓದಿದ ದಿನ ಒಬ್ಬಳು ತಕ್ಷಣ ಕೇಳಿದಳು: “ಹಂಗಾದ್ರೆ ಅವಳು ದಿನಾ ರಾತ್ರಿ ಓದೋವಾಗ ಆರ್ತಾ ಇದ್ದಿದ್ದು ಯಾರ ದೀಪ?” ನಾನು ಅಲ್ಲಿಯವರೆಗೆ ಅದನ್ನು ಬರೀ ನಿಯಮವಾಗಿ ನೋಡುತ್ತಿದ್ದೆ. ಆ ಪ್ರಶ್ನೆಯಿಂದ ಕತೆಯೇ ಸಿಕ್ಕಿತು. ಆಚೆ ಬದಿಯ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಇದ್ದಾನೆ, ದಿನಾ ರಾತ್ರಿ ಅವನ ದೀಪ ಆರುತ್ತದೆ, ಪಾಠ ಒಪ್ಪಿಸಲಾಗದೆ ಬೈಸಿಕೊಳ್ಳುತ್ತಾನೆ. ಅವನು ನನ್ನ ಹುಡುಗಿಯನ್ನು ಯಾಕೆ ದ್ವೇಷಿಸುತ್ತಾನೆ ಅಂತ ಈಗ ನಾನು ವಿವರಿಸಬೇಕಾಗಿಲ್ಲ. ಇಂಥ ಕತೆಗಳಲ್ಲಿ ಎದುರಾಳಿ ಸುಮ್ನೆ ಕೆಟ್ಟವನಾಗಿರುತ್ತಾನೆ. ಅದು ನನಗೆ ಯಾವಾಗಲೂ ಬೋರು.

ಇನ್ನೊಬ್ಬ ಹುಡುಗ ಕೇಳಿದ್ದು, ಹೋಮ್‌ವರ್ಕನ್ನು ಮಂತ್ರದಲ್ಲೇ ಮಾಡ್ಕೋಬಹುದಲ್ಲ ಅಂತ. ಇದಕ್ಕೆ ಉತ್ತರ ಇಲ್ಲದ ಮಾಯಾಶಾಲೆ ನಿಲ್ಲುವುದಿಲ್ಲ. ನನ್ನ ನಿಯಮದಲ್ಲಿ ಉತ್ತರ ಮೊದಲೇ ಇತ್ತು: ಮಾಡಬಹುದು, ಆದರೆ ಬೇರೆ ಯಾರದೋ ನೋಟ್‌ಬುಕ್ ಖಾಲಿಯಾಗುತ್ತದೆ. ಮಕ್ಕಳು ಕುಣಿದಾಡಿಬಿಟ್ಟರು. ಮುಂದಿನ ಅಧ್ಯಾಯ ಅದೇ.

ಗುರುಗಳ ವಿಷಯದಲ್ಲಿ ನಾನು ಇಂಗ್ಲಿಷ್ ಪುಸ್ತಕಗಳ ಕಡೆ ಹೋಗಲೇ ಇಲ್ಲ. ನಮ್ಮ ಹತ್ತಿರ ಕಚನ ಕತೆ ಇದೆ. ಮೃತಸಂಜೀವಿನಿ ಕಲಿಯಲು ದೇವತೆಗಳ ಕಡೆಯ ಹುಡುಗ ಶತ್ರುಗಳ ಗುರು ಶುಕ್ರಾಚಾರ್ಯರ ಹತ್ತಿರವೇ ಶಿಷ್ಯನಾಗಿ ಸೇರುತ್ತಾನೆ. ಅಸುರರು ಅವನನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ, ಗುರು ಮತ್ತೆ ಮತ್ತೆ ಬದುಕಿಸುತ್ತಾರೆ. ಕೊನೆಗೆ ಅವನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುವಿಗೇ ಕುಡಿಸುತ್ತಾರೆ. ಈಗ ಶಿಷ್ಯ ಹೊರಗೆ ಬರಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಹಾಗಾಗಿ ಶುಕ್ರಾಚಾರ್ಯರು ಹೊಟ್ಟೆಯೊಳಗಿದ್ದವನಿಗೇ ಪಾಠ ಹೇಳುತ್ತಾರೆ. ಅವನು ಹೊರಬಂದು ಅದೇ ವಿದ್ಯೆಯಿಂದ ಗುರುವನ್ನು ಬದುಕಿಸುತ್ತಾನೆ. ಇದಕ್ಕಿಂತ ಭಯಂಕರವಾದ ಪ್ರಾಕ್ಟಿಕಲ್ ಕ್ಲಾಸು ನಾನು ಎಲ್ಲೂ ಓದಿಲ್ಲ. ಇಷ್ಟಾದ ಮೇಲೆ ಗುರುವಿನ ಮಗಳು ದೇವಯಾನಿಯ ಶಾಪ ಬೇರೆ, ಈ ವಿದ್ಯೆ ನಿನಗೆ ಫಲಿಸದಿರಲಿ ಅಂತ. ನನಗೆ ಫಲಿಸದಿದ್ದರೇನು, ನಾನು ಕಲಿಸಿದವರಿಗೆ ಫಲಿಸುತ್ತದೆ ಅನ್ನುತ್ತಾನೆ ಕಚ.

ನನ್ನ ಶಾಲೆಯ ಮುಖ್ಯ ಮೇಷ್ಟ್ರು ಹುಟ್ಟಿದ್ದು ಆ ಒಂದು ಮಾತಿನಿಂದ. ಅವರ ಕೈಲಿ ಒಂದು ಮಂತ್ರವೂ ಆಗುವುದಿಲ್ಲ, ಆದರೆ ಅವರ ಹತ್ತಿರ ಕಲಿತವರಷ್ಟು ಚೆನ್ನಾಗಿ ಇನ್ಯಾರೂ ಮಾಡುವುದಿಲ್ಲ. ಇದರಿಂದ ಒಂದು ಪುಕ್ಕಟೆ ಲಾಭವೂ ಆಯಿತು. ಮಕ್ಕಳ ಕತೆಯಲ್ಲಿ ದೊಡ್ಡ ತಲೆನೋವು ಅಂದರೆ ಶಕ್ತಿ ಇರುವ ದೊಡ್ಡವರು. ಅವರು ಒಂದು ಚಿಟಿಕೆ ಹೊಡೆದು ಎಲ್ಲ ಸರಿಮಾಡಬಹುದಾದರೆ ಮಕ್ಕಳಿಗೆ ಏನು ಕೆಲಸ? ಅವರನ್ನು ಕೊನೆಯ ಅಧ್ಯಾಯದ ಹೊತ್ತಿಗೆ ಊರಾಚೆ ಕಳಿಸುವುದು, ಮಲಗಿಸುವುದು, ಸಾಯಿಸುವುದು ಎಲ್ಲ ಹಳೆಯ ಉಪಾಯ. ನನ್ನ ಮೇಷ್ಟ್ರು ಅಲ್ಲೇ ನಿಂತಿರುತ್ತಾರೆ, ಅವರ ಕೈಲಿ ಆಗುವುದಿಲ್ಲ ಅಷ್ಟೆ.

ಹೀಗೆ ಎತ್ತಿಕೊಳ್ಳುವುದು ಕಳ್ಳತನ ಅಲ್ವಾ ಅಂತ ಕೇಳುವವರಿದ್ದಾರೆ. ಇಬ್ಬಟ್‌ಸನ್ ಇದನ್ನು ಬಹಳ ಆರಾಮಾಗಿ ತೆಗೆದುಕೊಂಡಿದ್ದರು. ಬರೆಯುವವರೆಲ್ಲ ಒಬ್ಬರಿಂದ ಒಬ್ಬರು ಸಾಲ ತರುತ್ತಾರೆ ಅನ್ನುವುದು ಅವರ ನಿಲುವು. ಲೆ ಗ್ವಿನ್ ಅಷ್ಟು ಮೃದುವಾಗಿರಲಿಲ್ಲ. ಪಾಟರ್ ಸರಣಿಯನ್ನು ಹಿಂದೆಂದೂ ಇಲ್ಲದ ಹೊಸತು ಅಂತ ಹೊಗಳಿದ ವಿಮರ್ಶಕರ ಬಗ್ಗೆ ಅವರಿಗೆ ಆಶ್ಚರ್ಯವಿತ್ತು, ರೌಲಿಂಗ್ ಹಿಂದಿನವರನ್ನು ಇನ್ನಷ್ಟು ಉದಾರವಾಗಿ ನೆನೆಯಬಹುದಿತ್ತು ಅಂತಲೂ ಅನ್ನಿಸಿತ್ತು. ನನ್ನ ಲೆಕ್ಕ ಹೀಗಿದೆ. ಹಾಸ್ಟೆಲ್, ಎದುರಾಳಿ, ಮ್ಯಾಚು, ರಾತ್ರಿ ಕದ್ದು ಓಡಾಡುವುದು, ಇವು 1857ರಿಂದ ಎಲ್ಲರವು. ಆದರೆ ಯೋಗ್ಯತೆ ನೋಡಿ ಹೌಸಿಗೆ ಹಾಕುವ ಮಾತಾಡುವ ಟೋಪಿ ಒಬ್ಬರದು, ಅದನ್ನು ಮುಟ್ಟುವ ಹಾಗಿಲ್ಲ. ಹೌಸ್‌ಗಳು, ಅವುಗಳ ಪೈಪೋಟಿ ಇಂಗ್ಲಿಷ್ ಹಾಸ್ಟೆಲ್ ಶಾಲೆಗಳಲ್ಲಿ ನಿಜವಾಗಿಯೂ ಇರುವಂಥವು, ಆದರೂ ನಾನು ಬಿಟ್ಟೆ. ಅಷ್ಟು ಗುರುತು ಹತ್ತಿಬಿಟ್ಟಿದೆ. ಹುಟ್ಟುವ ಮೊದಲೇ ಭವಿಷ್ಯ ನುಡಿಸಿಕೊಂಡ ಮಗುವನ್ನೂ ಬಿಟ್ಟೆ, ಅದು ಗುರುತಿಗಾಗಿ ಅಲ್ಲ, ನನಗೆ ಇಷ್ಟವಿಲ್ಲ ಅಂತ.

ಒಬ್ಬ ಲೇಖಕಿ ತನ್ನದೇ ಶಾಲೆಯನ್ನು ರಿಪೇರಿ ಮಾಡಿದ್ದನ್ನೂ ಇಲ್ಲಿ ಹೇಳಲೇಬೇಕು. ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶ ಇರಲಿಲ್ಲ. 1968ರಲ್ಲಿ ಲೆ ಗ್ವಿನ್ ಹಾಗೇ ಬರೆದಿದ್ದರು. 1990ರ ‘ತೆಹಾನು’ವಿನಲ್ಲಿ ಅವರು ಆ ಲೋಕವನ್ನು ಒಬ್ಬ ಹೆಂಗಸಿನ ಕಣ್ಣಿಂದ ನೋಡಿದರು. 2001ರ ‘ಟೇಲ್ಸ್ ಫ್ರಮ್ ಅರ್ತ್‌ಸೀ’ಯಲ್ಲಿ ಆ ಶಾಲೆ ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಆಮೇಲೆ ಅವರನ್ನು ಹೊರಗಿಟ್ಟರು ಅಂತ ಬರೆದರು. ಹಳೆಯ ಪುಸ್ತಕದ ಒಂದು ಸಾಲನ್ನೂ ಅಳಿಸದೆ ಮಾಡಿದ ರಿಪೇರಿ ಅದು. ನಾನು ಅದನ್ನು ಓದಿ, ನನ್ನ ಶಾಲೆಯಲ್ಲಿ ಯಾರಿಗೆ ಪ್ರವೇಶ ಇಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿದೆ. ಆ ಹಾಳೆ ಎರಡನೇ ಭಾಗಕ್ಕೆ.

ನೀವೂ ಇಂಥದ್ದು ಬರೆಯಬೇಕು ಅಂತಿದ್ದರೆ ಮೊದಲು ‘ದಿ ವರ್ಸ್ಟ್ ವಿಚ್’ ಓದಿ, ತೆಳ್ಳಗಿದೆ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಆಮೇಲೆ ಅರ್ತ್‌ಸೀ. ಅದರ ಬೆನ್ನಿಗೇ ಡಯಾನಾ ವಿನ್ ಜೋನ್ಸ್ ಬರೆದ ‘ವಿಚ್ ವೀಕ್’, 1982ರದ್ದು. ಅದರ ಶಾಲೆಯಲ್ಲಿ ಮಂತ್ರ ಕಲಿಸುವುದಿಲ್ಲ. ಮಾಟಗಾತಿ ಅಂತ ಗೊತ್ತಾದರೆ ಸುಡುತ್ತಾರೆ. ಈ ತರಗತಿಯಲ್ಲಿ ಒಬ್ಬರು ಮಾಟಗಾತಿ ಇದ್ದಾರೆ ಅಂತ ಮೇಷ್ಟ್ರಿಗೆ ಒಂದು ಚೀಟಿ ಸಿಗುವುದರಿಂದ ಕತೆ ಶುರು. ನೆಡಿ ಒಕೊರಫೋರ್ ಬರೆದ ‘ಅಕಾಟಾ ವಿಚ್’, 2011ರದ್ದು, ನೈಜೀರಿಯಾದಲ್ಲಿ ನಡೆಯುತ್ತದೆ. ಅಲ್ಲಿ ಏನಾದರೂ ಹೊಸದು ಕಲಿತ ಕೂಡಲೇ ಮೇಲಿಂದ ದುಡ್ಡು ಬೀಳುತ್ತದೆ. ಮಂತ್ರಕ್ಕೆ ಬೆಲೆ ಕಟ್ಟಬೇಕು ಅಂತ ನಾವೆಲ್ಲ ಒದ್ದಾಡುವಾಗ ಆಕೆ ಕಲಿಕೆಗೆ ಸಂಬಳ ಕೊಟ್ಟುಬಿಟ್ಟಿದ್ದಾರೆ. ನವೋಮಿ ನೋವಿಕ್ 2020ರಿಂದ ಬರೆದ ‘ಸ್ಕಾಲೊಮಾನ್ಸ್’ ಸರಣಿಯಲ್ಲಿ ಮೇಷ್ಟ್ರುಗಳೇ ಇಲ್ಲ, ರಾಕ್ಷಸ ಪ್ರಾಣಿಗಳು ವಿದ್ಯಾರ್ಥಿಗಳನ್ನು ತಿನ್ನಲು ಕಾದಿರುತ್ತವೆ. ಸೈತಾನ ನಡೆಸುವ ಶಾಲೆಯ ಬಗ್ಗೆ ರೊಮೇನಿಯಾದಲ್ಲಿದ್ದ ಹಳೆಯ ಜನಪದ ಕತೆಯಿಂದ ಆ ಹೆಸರು ಬಂದಿದೆ. ಅದನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಹೈಸ್ಕೂಲು ದಾಟಲಿ.