ಟಾರು ರಸ್ತೆ ಬಿಟ್ಟು ಮತ್ತೆ ಕಣಕ್ಕೆ ಬಂದೆ

ನಾವು ಕುಣಿಗಲ್ ಕಡೆಯವರು. ಒಂದೂವರೆ ಎಕರೆ ಹೊಲ, ಮಳೆ ನಂಬಿದ ಬೇಸಾಯ. ರಾಗಿ ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಅಪ್ಪ ಇರುವವರೆಗೂ ಹೊಲದ ಮೂಲೆಯಲ್ಲಿ ತೆನೆ ಒಕ್ಕುವ ಕಣ ಇತ್ತು. ಅವರು ಹೋದ ಮೇಲೆ ಕಣದಲ್ಲಿ ಗರಿಕೆ ಬೆಳೆಯಿತು. ನಾನೂ ಊರಲ್ಲಿ ಎಲ್ಲರೂ ಮಾಡುವ ಹಾಗೆ ರಾಗಿ ತೆನೆ ತಂದು ಟಾರು ರಸ್ತೆ ಮೇಲೆ ಹರವಲು ಶುರು ಮಾಡಿದೆ. ಬಸ್ಸು, ಲಾರಿ ಓಡಾಡಿದರೆ ಸಾಕು, ಒಕ್ಕಣೆ ಪುಕ್ಕಟೆ ಆಗಿಬಿಡುತ್ತೆ. ಆಳು ಬೇಡ, ಎತ್ತು ಬೇಡ, ಸಂಜೆ ಗುಡಿಸಿಕೊಂಡು ಬಂದರೆ ಮುಗೀತು.

2023ರಲ್ಲಿ ಬರ. ಬಂದಿದ್ದೇ ಅರ್ಧ ಬೆಳೆ, ಅದನ್ನೂ ರಸ್ತೆಗೇ ಹಾಕಿದ್ದೆ. ಬೈಕಿನಲ್ಲಿ ಬಂದ ಗಂಡ ಹೆಂಡತಿ ನಮ್ಮ ರಾಗಿ ಹುಲ್ಲಿನ ಮೇಲೆ ಜಾರಿ ಬಿದ್ದರು. ನನ್ನ ಕಣ್ಣೆದುರಿಗೇ. ದೇವರು ದೊಡ್ಡವನು, ಹಿಂದೆ ಯಾವ ಗಾಡಿಯೂ ಇರಲಿಲ್ಲ. ಆತನ ಮೊಣಕಾಲು ತರಚಿ ರಕ್ತ ಬರ್ತಾ ಇತ್ತು. ನಾನು ಓಡಿಹೋಗಿ ಎಬ್ಬಿಸಿದೆ, ನೀರು ಕೊಟ್ಟೆ, ಬಾಯಲ್ಲಿ ಮಾತೇ ಬರಲಿಲ್ಲ. ಆಯಮ್ಮ ಎದ್ದು ನಿಂತು ತನ್ನ ಸೀರೆಗೆ ಅಂಟಿದ್ದ ರಾಗಿಯನ್ನು ನೆಲಕ್ಕೆ ಕೊಡವಲಿಲ್ಲ. ಕೈಯಲ್ಲಿ ಬಳಿದು, ಬೊಗಸೆಯಲ್ಲಿ ಹಿಡಿದುಕೊಂಡು ಬಂದು ನಮ್ಮ ಗುಡ್ಡೆಗೇ ಹಾಕಿ ಹೋದರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅದೇ ರಾಗಿಯನ್ನು ಮಾರೋಕೆ ಹೋದರೆ ವ್ಯಾಪಾರಿ ಅಂಗೈಯಲ್ಲಿ ಹಾಕಿಕೊಂಡು ಊದಿದ. ಮರಳು ಜಾಸ್ತಿ ಇದೆ ಅಂತ ಕ್ವಿಂಟಲ್‌ಗೆ ನಾಲ್ಕು ಕೆಜಿ ಸೂಟು ಮುರಿದುಕೊಂಡ. ಜಗಳ ಮಾಡೋಕೆ ನನ್ನ ಹತ್ತಿರ ಬಾಯಿ ಇರಲಿಲ್ಲ, ಮರಳು ಇದ್ದದ್ದು ನಿಜ. ಮನೆಯಲ್ಲಿ ಅವ್ವ ಎರಡು ವರ್ಷದಿಂದ ಹೇಳ್ತಾನೇ ಇದ್ದಳು. ಮುದ್ದೆ ನುಂಗುವುದಾದ್ರೂ ನಾಲಿಗೆಗೆ ಮರಳು ಗೊತ್ತಾಗುತ್ತೆ, ರೊಟ್ಟಿಯಂತೂ ಅಗಿಯೋಕೇ ಆಗಲ್ಲ.

ಆಗಲೇ ಮನಸ್ಸು ಮಾಡಿದ್ದು, ಮುಂದಿನ ವರ್ಷ ಕಣ ಮಾಡಲೇಬೇಕು ಅಂತ.

2024ರಲ್ಲಿ ಮಳೆ ಕೈ ಹಿಡಿಯಿತು. ಪುಷ್ಯ ಮಳೆಯಲ್ಲಿ ಜಿ.ಪಿ.ಯು. 28 ರಾಗಿ ತಳಿ ಬಿತ್ತಿದ್ದೆ, ನವೆಂಬರ್ ನಡುವಿಗೆ ಕೊಯ್ಲು. ನಾಲ್ಕು ದಿನ ಅರಿಯನ್ನು, ಅಂದರೆ ಕೊಯ್ದ ಪೈರಿನ ಹಿಡಿಗಳನ್ನು, ಹೊಲದಲ್ಲೇ ಒಣಗಿಸಿ, ಕಂತೆ ಕಟ್ಟಿ, ತೆನೆ ಒಳಕ್ಕೆ ಮಾಡಿ ಮೆದೆ ಹಾಕಿದೆವು. ಮೆದೆಯಲ್ಲಿ ಒಂದು ತಿಂಗಳಾದರೂ ಇರಬೇಕು. ಒಳಗೆ ಕಾವು ಬಂದು ಕಾಳು ಸಡಿಲ ಆಗುತ್ತೆ, ಒಕ್ಕಣೆ ಸಲೀಸು. ಆ ಒಂದು ತಿಂಗಳು ನನಗೆ ಕಣಕ್ಕೆ ಸಿಕ್ಕಿತು.

ಮೊದಲ ಸಲ ಕೆಡಿಸಿದೆ. ಹುಲ್ಲು ಕೆತ್ತಿ, ಮಟ್ಟ ಮಾಡಿ, ನೀರು ಚಿಮುಕಿಸಿ ಅದರ ಮೇಲೇ ಸಗಣಿ ಬಗ್ಗಡ ಹುಯ್ದು ಸಾರಿಸಿಬಿಟ್ಟೆ. ಮೂರು ದಿನಕ್ಕೆ ಬಿಸಿಲಿಗೆ ಹಪ್ಪಳದ ಹಾಗೆ ಎದ್ದು ಬಂತು, ಅಂಗೈ ಅಗಲದ ಬಿರುಕು. ಪಕ್ಕದ ಹೊಲದ ತಾತ ನೋಡಿ, "ನೆಲ ಕುಡಿಯೋವಷ್ಟು ನೀರು ಕೊಟ್ಟಿಲ್ಲ, ಬಡಿದಿಲ್ಲ, ಬರೀ ಮೇಲೆ ಬಳಿದಿದ್ದೀಯ ಕಣ್ಲಾ" ಅಂದರು. ಅವರು ಹೇಳಿದ ಹಾಗೆ ಎಲ್ಲ ಕೆರೆದು ಮತ್ತೆ ಮಾಡಿದೆ.

ಸಂಜೆ ಹೊತ್ತು ಕಣ ಪೂರ್ತಿ ನೆನೆಯುವ ಹಾಗೆ ನೀರು ಬಿಡಬೇಕು. ಬೆಳಿಗ್ಗೆ ಹೆಜ್ಜೆ ಇಟ್ಟರೆ ಅಂಟಬಾರದು, ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಅದು ಹದ. ಆಗ ಕೆರೆಗೋಡು ಮಣ್ಣು ಹರಡಿ, ಹಳೇ ರಾಗಿ ಹೊಟ್ಟು ಉದುರಿಸಿ ದಿಮ್ಮಸಿನಲ್ಲಿ ಬಡಿಯಬೇಕು. ನಡುವಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಅಂಚಿಗೆ ಬರಬೇಕು, ನಡು ಸ್ವಲ್ಪ ಉಬ್ಬಿರಲಿ, ಮಳೆ ಹನಿ ಬಿದ್ದರೂ ನೀರು ಹೊರಕ್ಕೆ ಹೋಗುತ್ತೆ. ಎರಡು ದಿನ ಬಿಟ್ಟು ಬಿದ್ದ ಸಣ್ಣ ಬಿರುಕುಗಳಿಗೆ ಜೇಡಿ ತುಂಬಿ ಇನ್ನೊಮ್ಮೆ ಬಡಿದೆ. ಆಮೇಲೆ ಸಗಣಿ. ಗಟ್ಟಿಯಾಗಿ ಒಂದೇ ಸಲ ಬಳಿಯೋದಲ್ಲ. ಮಜ್ಜಿಗೆ ಹದಕ್ಕೆ ಕಲಸಿ, ಬರಲು ಪೊರಕೆಯಲ್ಲಿ ತೆಳ್ಳಗೆ ಎಳೆದು, ಒಣಗಿದ ಮೇಲೆ ಇನ್ನೊಂದು ಸಲ. ನಾನು ಮೂರು ಸಲ ಸಾರಿಸಿದೆ. ಕೊನೆಗೆ ಕಣ ಎಷ್ಟು ನುಣ್ಣಗಾಯಿತು ಅಂದರೆ ಒಂದು ಹಿಡಿ ರಾಗಿ ಚೆಲ್ಲಿ ಗೋರಿದರೆ ಕಾಳು ಬಿಟ್ಟು ಬೇರೇನೂ ಕೈಗೆ ಬರಲಿಲ್ಲ.

ಇಷ್ಟೆಲ್ಲ ಆಗಿ ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿದ್ದೆ. "ಕಣದೊಳಕ್ಕೆ ಎಕ್ಕಡ ಮೆಟ್ಕೊಂಡು ಬತ್ತೀಯಾ?" ಅಂತ ತಾತ ಗದರಿದರು. ಕಣ ದೇವರ ಜಾಗ, ಅಪ್ಪನೂ ಹಾಗೇ ಹೇಳ್ತಿದ್ದರು. ಚಿಕ್ಕವನಿದ್ದಾಗ ಸುಮ್ನೆ ಹೆದರಿಸೋಕೆ ಹೇಳ್ತಾರೆ ಅಂದುಕೊಂಡಿದ್ದೆ. ಒಂದು ಜೊತೆ ಚಪ್ಪಲಿ ಎಷ್ಟು ಮಣ್ಣು ತರುತ್ತೆ ಅಂತ ಸಾರಿಸಿದವನಿಗೇ ಗೊತ್ತು. ಆಮೇಲೆ ಯಾರು ಬಂದರೂ ಕಾಲು ತೊಳೆದೇ ಬರಬೇಕು ಅಂತ ಅಂಚಿನಲ್ಲಿ ಒಂದು ಬಿಂದಿಗೆ ನೀರು ಇಟ್ಟೆ.

ಎತ್ತು ಕಟ್ಟಿ ತೆನೆ ಮೇಲೆ ಉರುಳಿಸೋ ಗುಂಡುಕಲ್ಲು ಹಿತ್ತಲಲ್ಲಿ ಬಿದ್ದಿತ್ತು, ಅವ್ವ ಅದರ ಮೇಲೆ ಕೂತು ಅವರೆಕಾಯಿ ಸುಲೀತಾ ಇದ್ದಳು. ಎತ್ತು ನಮ್ಮಲ್ಲಿಲ್ಲ. ತಾತನ ಮನೆಯಲ್ಲಿ ಹಳ್ಳಿಕಾರ್ ಜೋಡಿ ಇದೆ. ದುಡ್ಡು ಕೊಡ್ತೀನಿ ಅಂದೆ, ಬೇಡ ಅಂದರು. ಎರಡು ಗಾಡಿ ರಾಗಿ ಹುಲ್ಲು, ಎರಡು ದಿನ ಮಧ್ಯಾಹ್ನದ ಊಟ, ಇದಕ್ಕೆ ಒಪ್ಪಿದರು. ಎತ್ತು ಕಣದಲ್ಲಿ ಸುತ್ತುವಾಗ ಮುಖ್ಯ ಕೆಲಸ ನನ್ನ ಮಗನದ್ದು. ಅವನಿಗೆ ಹತ್ತು ವರ್ಷ. ಒಂದು ಮಂಕರಿ ಹಿಡಿದುಕೊಂಡು ಎತ್ತಿನ ಹಿಂದೆಯೇ ಓಡಬೇಕು. ಎತ್ತು ಬಾಲ ಎತ್ತಿದ ತಕ್ಷಣ ಸಗಣಿ ನೆಲಕ್ಕೆ ಬೀಳುವ ಮೊದಲೇ ಮಂಕರಿ ಒಡ್ಡಬೇಕು. ಎರಡು ದಿನದಲ್ಲಿ ಒಂದು ಸಲ ಮಾತ್ರ ತಪ್ಪಿತು. ಆ ಜಾಗದ ತೆನೆಯನ್ನೆಲ್ಲ ಅವನೇ ಬಾಚಿ ಹೊರಕ್ಕೆ ಹಾಕಿದ, ಯಾರೂ ಹೇಳಿಕೊಟ್ಟಿರಲಿಲ್ಲ.

ತೂರೋಕೆ ಗಾಳಿ ಬೇಕು. ಒಂದು ದಿನ ಪೂರ್ತಿ ಮೊರ ಹಿಡಿದುಕೊಂಡು ಕಾದೆವು, ಎಲೆ ಅಲುಗಲಿಲ್ಲ. ಮಾರನೇ ದಿನ ಮೂರು ಗಂಟೆಗೆ ಮೂಡಲ ಗಾಳಿ ಎದ್ದಿತು, ಕತ್ತಲಾಗುವವರೆಗೂ ತೂರಿದೆವು. ಹೊಟ್ಟು ಒಂದು ಕಡೆ, ಕಾಳು ಕಾಲ ಬುಡಕ್ಕೆ. ಕಾಳನ್ನು ಒಂದರಿ ಜರಡಿಯಲ್ಲಿ ಆಡಿಸಿದಾಗ ಕಡ್ಡಿ ಬಂತು, ಮರಳು ಬರಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ರಾಶಿ ಪೂಜೆ ಮಾಡಿದೆವು. ರಾಶಿಯ ಸುತ್ತ ಬೂದಿಯ ಗೆರೆ, ಮೇಲೆ ಸಗಣಿಯ ಬೆನಕ, ಬೆನಕನಿಗೆ ಗರಿಕೆ, ತುಂಬೆ ಹೂವು, ಉಗನಿ ಹಂಬು. ಅವ್ವ ಮಾರಮ್ಮನಿಗೆ ಕೈ ಮುಗಿದು, ಆಮೇಲೆ ಲಕ್ಷ್ಮಣಯ್ಯನವರಿಗೂ ಕೈ ಮುಗಿದಳು. ಇದು ಅಪ್ಪನ ಅಭ್ಯಾಸ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು, ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರು. ಇಂಡಾಫ್ ಬಂದ ಮೇಲೆ ನಮ್ಮ ಮನೆಯಲ್ಲಿ ಎರಡು ಹೊತ್ತು ಊಟ ಆಯಿತು ಅಂತ ಅಪ್ಪ ಹೇಳೋರು. ನಾನು ಈಗ ಬಿತ್ತೋದು ಬೇರೆ ತಳಿ ಆದ್ರೂ ಆ ಹೆಸರು ಬಿಟ್ಟಿಲ್ಲ.

ರಾಶಿಯನ್ನು ಕೊಳಗ ಅನ್ನೋ ಅಳತೆ ಪಾತ್ರೆಯಲ್ಲಿ ಅಳೆಯುವಾಗ ಯಾರೂ ಮಾತಾಡುವ ಹಾಗಿಲ್ಲ. ಮೊದಲ ಕೊಳಗಕ್ಕೆ ಒಂದು ಅನ್ನೋದಿಲ್ಲ, "ಲಾಭ" ಅನ್ನಬೇಕು. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಖಂಡುಗಕ್ಕೊಂದು ಕಲ್ಲು ಪಕ್ಕಕ್ಕಿಟ್ಟೆವು. ಎಂಟೂವರೆ ಖಂಡುಗ ಆಯಿತು, ತೂಕಕ್ಕೆ ಹಾಕಿದಾಗ ಹದಿಮೂರೂವರೆ ಕ್ವಿಂಟಲ್. ಲಾಭದ ಕೊಳಗ ಬಿತ್ತನೆಗೆ. ಅದರ ನಂತರದ್ದು ಮಾರಮ್ಮನ ಹಬ್ಬದ ಊಟಕ್ಕೆ. ಕುಡುಗೋಲು ತಟ್ಟಿಕೊಟ್ಟ ಕಮ್ಮಾರರಿಗೆ ಒಂದು ಕೊಳಗ, ಕೊಯ್ಲಿಗೆ ಬಂದ ಆರು ಹೆಂಗಸರಿಗೆ ಕೂಲಿ ಕೊಟ್ಟಾಗಿತ್ತು, ಆದ್ರೂ ಮೇಲೆ ಎರಡೆರಡು ಸೇರು. ಇದನ್ನು ಖರ್ಚು ಅಂತ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ. ಮುಂದಿನ ಕೊಯ್ಲಿಗೆ ಅವರೇ ತಾನೇ ಬರಬೇಕು.

ಇನ್ನು ಮಾರಾಟ. ಆ ವರ್ಷ, ಅಂದರೆ 2024-25ಕ್ಕೆ, ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಕೇಳಿದ್ದು ಅದಕ್ಕಿಂತ ಕಡಿಮೆ. ನಾನು ಕೆಜಿಗೆ 48 ಅಂತ ಬೆಲೆ ಕಟ್ಟಿದೆ. ಸಂಕ್ರಾಂತಿಗೆ ಬೆಂಗಳೂರಿಂದ ಬಂದ ನಮ್ಮೂರಿನವರೇ ಮೂರು ಕ್ವಿಂಟಲ್ ಒಯ್ದರು. ಉಳಿದದ್ದು ಸಂತೆಗೆ. ಎರಡು ಚೀಲ ಬಿಚ್ಚಿಕೊಂಡು ಕೂತೆ, ಮೊದಲ ಒಂದು ಗಂಟೆ ಯಾರೂ ಬರಲಿಲ್ಲ, ಪಕ್ಕದವರು 42ಕ್ಕೆ ಕೂಗ್ತಾ ಇದ್ದರು. ಒಬ್ಬರು ಅಜ್ಜಿ ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದರು. ತುಂಬ ಹೊತ್ತು ಅಗಿದರು. "ಕಣದ್ದಾ?" ಅಂತ ಕೇಳಿದರು. ಹೂಂ ಅಜ್ಜಿ ಅಂದೆ. "ನಾಲ್ಕು ಸೇರು ಹಾಕಪ್ಪ, ಮೊಮ್ಮಗೀಗೆ ರಾಗಿ ಸರಿ ಮಾಡಬೇಕು."

ತಕ್ಕಡಿ ಇತ್ತು, ಆದ್ರೂ ಸೇರು ಅಂತ ಕೇಳಿದ್ದಕ್ಕೆ ಮನೆಯಿಂದ ತಂದಿದ್ದ ಸೇರಿನಲ್ಲೇ ಅಳೆದೆ. ಮೊದಲ ಸೇರು ಎತ್ತಿದಾಗ ಬಾಯಿಗೆ ತಾನಾಗೇ "ಲಾಭ" ಅಂತ ಬಂತು. ಅಜ್ಜಿ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗು ಬಿಡಿಸಿ ಮಡಿಲೊಡ್ಡಿದರು. ನಾಲ್ಕು ಸೇರೂ ಮಡಿಲಿಗೇ ಹಾಕಿಸಿಕೊಂಡು, ಗಂಟು ಹಾಕಿಕೊಂಡು ಹೋದರು. ನೋಡಿದವರು ಒಬ್ಬೊಬ್ಬರಾಗಿ ಬಂದು ಕೇಳೋಕೆ ಶುರು ಮಾಡಿದರು. ಎರಡು ವಾರದ ಸಂತೆಯಲ್ಲಿ ಮಾರೋದಕ್ಕೆ ಅಂತ ಇಟ್ಟಿದ್ದು ಖಾಲಿ ಆಯಿತು, ಮನೆಗೆ ಐದು ಕ್ವಿಂಟಲ್ ಉಳಿಸಿಕೊಂಡೆವು.

ಊರಲ್ಲಿ ಇನ್ನೂ ಮೂರು ಮನೆಯವರು ಮುಂದಿನ ಸುಗ್ಗಿಗೆ ನಮ್ಮ ಕಣದಲ್ಲೇ ಒಕ್ಕಣೆ ಮಾಡ್ತೀವಿ ಅಂದಿದ್ದಾರೆ. ಬಾಡಿಗೆ ಬೇಡ, ಸಾರಿಸೋ ದಿನ ಮನೆಗೊಂದು ಮಂಕರಿ ಸಗಣಿ, ಒಂದು ಆಳು ಕಳಿಸಿ ಅಂದಿದ್ದೇನೆ. ಕಾರ್ತಿಕ ಮುಗಿಯುವುದರೊಳಗೆ ಹುಲ್ಲು ಕೆತ್ತಬೇಕು. ದಿಮ್ಮಸು ತಾತನದ್ದೇ, ಈಗಲೇ ಕೇಳಿ ಇಟ್ಟಿದ್ದೇನೆ.