ಅಂಗಡಿ ಇಟ್ಟವರೇ, ಜಿಎಸ್‌ಟಿಯಲ್ಲಿ ನೀವು ಯಾವ ವರ್ಗ?

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ? ಅದಕ್ಕೇ ಬರೆಯುತ್ತಿದ್ದೇನೆ. ಬರೀ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷ ದಾಟಿದ ಮೇಲೆ ನೋಂದಣಿ; ಟೀ, ತಿಂಡಿ ಮಾಡಿಕೊಟ್ಟರೆ ಅದು ಸೇವೆ, ಮಿತಿ 20 ಲಕ್ಷ. ಬಹಳ ಜನ ಎಡವುವುದು ಇಲ್ಲೇ: ಹಾಲು, ತರಕಾರಿಗೆ ತೆರಿಗೆ ಇಲ್ಲ, ನಿಜ. ಆದರೆ ಬಿಸ್ಕತ್ತು, ಸೋಪನ್ನೂ ಮಾರುತ್ತಿದ್ದರೆ ಮಿತಿಯ ಲೆಕ್ಕಕ್ಕೆ ಹಾಲು, ತರಕಾರಿಯ ವಹಿವಾಟೂ ಸೇರುತ್ತದೆ.

ವರ್ಷದ ವಹಿವಾಟು 1.5 ಕೋಟಿವರೆಗೆ ಇದ್ದರೆ ಕಾಂಪೊಸಿಷನ್, ಅಂದರೆ ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ, ಆಯ್ದುಕೊಳ್ಳಬಹುದು: ಅಂಗಡಿಗೆ 1%, ಹೋಟೆಲಿಗೆ 5%. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಇನ್‌ಪುಟ್ ಕ್ರೆಡಿಟ್ಟೂ (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗದು. ಹೊರರಾಜ್ಯಕ್ಕೆ ಸರಕು ಮಾರುವವರು, ಬಿಲ್ಲಿನಲ್ಲಿ ಜಿಎಸ್‌ಟಿ ಕೇಳುವ ಕಂಪನಿ ಗಿರಾಕಿಗಳಿರುವವರು ರೆಗ್ಯುಲರ್‌ನಲ್ಲೇ, ಅಂದರೆ ಮಾಮೂಲಿ ಜಿಎಸ್‌ಟಿ ಪದ್ಧತಿಯಲ್ಲೇ, ಇರಿ. ಈಗಾಗಲೇ ನೋಂದಣಿ ಇದ್ದು ಕಾಂಪೊಸಿಷನ್‌ಗೆ ಬದಲಾಗಬೇಕಿದ್ದರೆ, ಹೊಸ ಹಣಕಾಸು ವರ್ಷ ಶುರುವಾಗುವ ಮೊದಲೇ, ಅಂದರೆ ಮಾರ್ಚ್ 31ರೊಳಗೆ, ಪೋರ್ಟಲ್‌ನಲ್ಲಿ ಸಿಎಂಪಿ-02 ಫಾರ್ಮ್ ತುಂಬಿಬಿಡಿ.